ಚಾರ್ಜ್ ಪಟ್ಟಿಯಲ್ಲಿ ಇಲ್ಲದ್ದು

(ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರ, ಅಂದರೆ ಈ ಕಡೆಯ ಮಾತಿನಲ್ಲಿ ಅಕ್ಕೋರ, ಬೀಳ್ಕೊಡುಗೆ ಸಭೆಯಲ್ಲಿ ಹೈಸ್ಕೂಲು ಶಿಕ್ಷಕರೊಬ್ಬರು ಆಡಿದ ಮಾತಿನ ಬರಹ ರೂಪ. ಯಾದಗಿರಿ, ಜೂನ್ 1, 2025.)

ಇವತ್ತು ಜೂನ್ ಒಂದು. ಈ ಸಭೆಯಲ್ಲಿ ಯಾರ್ಯಾರ ಹುಟ್ಟಿದ ದಿನ ಇವತ್ತು? ಸ್ವಲ್ಪ ಕೈ ಎತ್ತಿ, ನೋಡೋಣ.

ಎಷ್ಟು ಕೈ ನೋಡಿ! ಬೇರೆ ಕಡೆಯವರಿಗೆ ಇದು ಆಶ್ಚರ್ಯ ಅನಿಸಬಹುದು, ನಮಗೆ ಅನಿಸುವುದಿಲ್ಲ. ನಮ್ಮ ಕಾಲದಲ್ಲಿ ಹುಟ್ಟಿದ ತಾರೀಖು ಬರೆದಿಟ್ಟವರು ಯಾರು? ಅಪ್ಪ ಕೈ ಹಿಡಿದು ಶಾಲೆಗೆ ಕರೆದುಕೊಂಡು ಬಂದ. ಮಾಸ್ತರ್ರು ತಲೆ ಮೇಲಿಂದ ಕೈ ಹಾಯಿಸಿ ಆ ಕಡೆಯ ಕಿವಿ ಮುಟ್ಟು ಅಂದರು. ಮುಟ್ಟಿತು. ಆರು ವರ್ಷ ತುಂಬಿದೆ ಅಂತ ಲೆಕ್ಕ. ಶಾಲೆ ಶುರುವಾಗುವುದು ಜೂನ್ ಒಂದಕ್ಕೆ, ಹುಡುಗ ಹುಟ್ಟಿದ್ದೂ ಜೂನ್ ಒಂದಕ್ಕೆ. ಹಾಗೆ ಬರೆದುಕೊಂಡರು, ನಾವೂ ಹಾಗೆ ದೊಡ್ಡವರಾದೆವು.

ಇಲ್ಲಿ ಕೂತಿರುವ ಅಕ್ಕೋರದೂ ಅದೇ ತಾರೀಖು. 1965ರ ಜೂನ್ 1. ಸರ್ಕಾರಿ ನಿಯಮ ನಿಮಗೆಲ್ಲ ಗೊತ್ತು, 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ಒಂದನೇ ತಾರೀಖಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕು. ಅದಕ್ಕೇ ಮೇ 31 ಬಂತೆಂದರೆ ನಮ್ಮ ಇಲಾಖೆಯಲ್ಲಿ ಗುಂಪುಗುಂಪಾಗಿ ಜನ ಹೊರಗೆ ಹೋಗುತ್ತಾರೆ. ಅಕ್ಕೋರೂ ನಿನ್ನೆ ಶನಿವಾರ ಸಹಿ ಮಾಡಿ ಹೊರಗೆ ಬಂದರು.

ಈಗ ಒಂದು ವಿಷಯ ಯೋಚನೆ ಮಾಡಿ. ಈ ವರ್ಷ ಶಾಲೆ ಬಾಗಿಲು ತೆರೆದಿದ್ದು ಮೇ 29ಕ್ಕೆ. ಒಂದನೇ ತರಗತಿಯ ಮಕ್ಕಳು ಇನ್ನೂ ಅಳುತ್ತಾ ಬರುವ ದಿನಗಳು. ಕೂಲಿ ಹುಡುಕಿಕೊಂಡು ಗುಳೆ ಹೋದ ಮನೆಗಳವರು ಬಿತ್ತನೆಗೆ ಅಂತ ಒಬ್ಬೊಬ್ಬರಾಗಿ ಊರಿಗೆ ವಾಪಸ್ ಬರುವ ದಿನಗಳು. ಏಳನೇ ತರಗತಿ ಮುಗಿಸಿದ ಹುಡುಗಿಯರು ಎಂಟಕ್ಕೆ ಸೇರುತ್ತಾರೋ ಇಲ್ಲವೋ ಅಂತ ತೀರ್ಮಾನ ಆಗುವ ದಿನಗಳು. ವರ್ಷದಲ್ಲಿ ಅಕ್ಕೋರು ಅತಿ ಹೆಚ್ಚು ಬೇಕಾಗುವ ವಾರ ಯಾವುದೋ, ಆ ವಾರದಲ್ಲೇ ನಾವು ಅವರಿಗೆ ಶಾಲು ಹೊದಿಸಿ ಕಳಿಸುತ್ತಿದ್ದೇವೆ. ಯಾರೋ ಬೇಕಂತ ಮಾಡಿದ್ದಲ್ಲ. ಐವತ್ತು ಚಿಲ್ಲರೆ ವರ್ಷದ ಹಿಂದೆ ಒಬ್ಬ ಮಾಸ್ತರ್ರು ಅಂದಾಜಿನ ಮೇಲೆ ಬರೆದ ತಾರೀಖು ಇವತ್ತು ಹೀಗೆ ಬಂದು ನಿಂತಿದೆ.

ನಾನು ಅಕ್ಕೋರನ್ನು ಹೊಗಳುವುದಕ್ಕೆ ಅಂತ ಮೈಕಿನ ಮುಂದೆ ಬಂದಿಲ್ಲ. ಹೊಗಳಿಕೆ ಅವರಿಗೆ ಇಷ್ಟವೂ ಇಲ್ಲ. ನಾನು ಪಕ್ಕದ ಊರಿನ ಹೈಸ್ಕೂಲಿನಲ್ಲಿ ಪಾಠ ಮಾಡುವವನು. ಅವರ ಶಾಲೆಯಿಂದ ಏಳು ಮುಗಿಸಿದ ಮಕ್ಕಳು ಎಂಟಕ್ಕೆ ನನ್ನ ಹತ್ತಿರ ಬರುತ್ತಾರೆ. ಅವರು ಹೋದರೆ ಏನು ಹೋಗುತ್ತದೆ ಅಂತ ನನಗೆ ಈ ಕಡೆಯಿಂದ ಚೆನ್ನಾಗಿ ಕಾಣುತ್ತದೆ. ಅದನ್ನೇ ಹೇಳುತ್ತೇನೆ.

ನಿನ್ನೆ ಅವರು ಚಾರ್ಜ್ ಕೊಡುವಾಗ, ಅಂದರೆ ಶಾಲೆಯ ಸಾಮಾನು, ವಹಿ ಎಲ್ಲ ಮುಂದಿನವರಿಗೆ ಒಪ್ಪಿಸುವಾಗ, ನಾನೂ ಪಕ್ಕದಲ್ಲಿ ಕೂತಿದ್ದೆ. ಚಾರ್ಜ್ ಪಟ್ಟಿ ಹಲವು ಪುಟ ಇತ್ತು. ಡೆಸ್ಕು, ಕಬ್ಬಿಣದ ಅಲ್ಮೇರಾ, ದಾಖಲಾತಿ ವಹಿ, ಟಿಸಿ ಪುಸ್ತಕ, ನಗದು ಪುಸ್ತಕ, ಬ್ಯಾಂಕಿನ ಪಾಸ್‌ಬುಕ್. ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ, ಗ್ಯಾಸ್ ಸಿಲಿಂಡರ್. ಒಂದು ಗ್ಲೋಬು, ಎರಡು ಹರಿದ ನಕಾಶೆ, ಗಂಟೆ. ಅಕ್ಕಿ ಒಂದು ಕೆಜಿ ಆಚೀಚೆ ಆಗಿಲ್ಲ. ತೂಕ ಮಾಡಿ, ಎಣಿಸಿ, ಸಹಿ ಹಾಕಿಸಿಕೊಂಡು ಕೊಟ್ಟರು. ಅಷ್ಟು ಅಚ್ಚುಕಟ್ಟು.

ಆದರೆ ಆ ಶಾಲೆ ನಡೆಯುತ್ತಿದ್ದುದು ಆ ಪಟ್ಟಿಯ ಮೇಲೆ ಅಲ್ಲ. ಯಾವ ಮನೆ ಯಾವ ತಿಂಗಳು ಊರು ಬಿಡುತ್ತದೆ, ಯಾವ ಮಗುವಿನ ಮನೆಯಲ್ಲಿ ಯಾವ ಮಾತು ಆಡುತ್ತಾರೆ, ಯಾವ ಅಪ್ಪನ ಹತ್ತಿರ ನೇರ ಮಾತಾಡಬಹುದು, ಯಾವ ಮನೆಯಲ್ಲಿ ಅಜ್ಜಿ ಒಪ್ಪಿದರೆ ಮಾತ್ರ ಹುಡುಗಿ ಶಾಲೆಗೆ ಬರುತ್ತಾಳೆ. ಇದೆಲ್ಲ ಅಕ್ಕೋರ ತಲೆಯಲ್ಲಿ ಇದೆ. ಆ ತಲೆ ನಿನ್ನೆ ಸಂಜೆ ಮನೆಗೆ ಹೋಯಿತು. ನಾವು ಯಾರೂ ಅದಕ್ಕೆ ರಸೀದಿ ಕೇಳಲಿಲ್ಲ.

ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಅಕ್ಕೋರು ಟಿಸಿಎಚ್ ಅನ್ನುವ ಶಿಕ್ಷಕರ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ್ದು 1994ರಲ್ಲಿ. ಆಗ ಯಾದಗಿರಿ ಒಂದು ತಾಲ್ಲೂಕು, ಜಿಲ್ಲೆ ಗುಲ್ಬರ್ಗಾ. ಅವರು ಆಳಂದ ಕಡೆಯವರು. ಆಳಂದದಿಂದ ಗುರುಮಠಕಲ್ ಸೀಮೆಗೆ ಬಂದವರಿಗೆ ಇದು ಬೇರೆ ಲೋಕವೇ ಅನಿಸುತ್ತದೆ. ಅಲ್ಲಿ ಗಡಿಯ ಆಚೆ ಮರಾಠಿ, ಇಲ್ಲಿ ಗಡಿಯ ಆಚೆ ತೆಲುಗು. ಊರೊಳಗೆ ಕನ್ನಡ, ಕೆಲವು ಓಣಿಯಲ್ಲಿ ತೆಲುಗು, ಇನ್ನು ಕೆಲವು ಮನೆಯಲ್ಲಿ ಉರ್ದು, ಊರ ಹೊರಗಿನ ತಾಂಡಾದಲ್ಲಿ ಲಂಬಾಣಿ. ನಾಲ್ಕೂ ಕಡೆಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿದ್ದಾರೆ. ಅಕ್ಕೋರ ಕೈಯಲ್ಲಿ ಕನ್ನಡದ ಒಂದನೇ ತರಗತಿಯ ಪುಸ್ತಕ. ಆ ಪುಸ್ತಕ ಬರೆದವರು ಎಲ್ಲ ಮಕ್ಕಳೂ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ ಅಂದುಕೊಂಡೇ ಬರೆದಿರುತ್ತಾರೆ, ಅಲ್ವಾ?

ತಾಂಡಾದ ಮಕ್ಕಳು ತಿಂಗಳುಗಟ್ಟಲೆ ಬಾಯಿ ಬಿಡುತ್ತಿರಲಿಲ್ಲವಂತೆ. ದಡ್ಡರು ಅಂತ ಹಿಂದಿನ ಬೆಂಚಿಗೆ ಕೂರಿಸುವುದು ಎಲ್ಲರಿಗೂ ಸುಲಭ. ಅಕ್ಕೋರು ಹಾಗೆ ಮಾಡಲಿಲ್ಲ. ನಾಲ್ಕನೇ ತರಗತಿಯಲ್ಲಿದ್ದ ತಾಂಡಾದ ಒಬ್ಬ ಹುಡುಗಿಯನ್ನು ದಿನಾ ಅರ್ಧ ಗಂಟೆ ಒಂದನೇ ತರಗತಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಒಂದು ಡ್ರಾಯಿಂಗ್ ಹಾಳೆ ತೆಗೆದುಕೊಂಡು ನಾಲ್ಕು ಗೆರೆ ಎಳೆದರು. ಈ ಕಡೆ ನೀರು, ಅದರ ಪಕ್ಕ ನೀಳ್ಳು, ಪಾನಿ, ಪಾಣಿ. ಅವ್ವ, ಅಮ್ಮ, ಅಮ್ಮಿ, ಯಾಡಿ. ರೊಟ್ಟಿ ಅಂತ ಬರೆದಲ್ಲಿ ಲಂಬಾಣಿಗೆ ಬಾಟಿ. ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದು ಗೋಡೆಗೆ ಅಂಟಿಸಿದರು. ಪ್ರತಿ ಮಗುವೂ ತನ್ನ ಮನೆಯ ಮಾತು ಗೋಡೆಯ ಮೇಲೆ ಇರುವುದನ್ನು ನೋಡಿತು. ಇದನ್ನು ತರಬೇತಿಯಲ್ಲಿ ಯಾರೂ ಅವರಿಗೆ ಹೇಳಿಕೊಟ್ಟಿದ್ದಲ್ಲ. ಇವತ್ತು ಇದಕ್ಕೆ ದೊಡ್ಡ ದೊಡ್ಡ ಹೆಸರಿಟ್ಟು ಕಾರ್ಯಾಗಾರ ಮಾಡುತ್ತಾರೆ. ಅಕ್ಕೋರು ಅಂಥ ಒಂದಕ್ಕೆ ಹೋಗಿ ಬಂದು, "ಚಲೋ ಹೇಳಿದ್ರು, ಹುಡುಗರ ಮನಿ ಮಾತು ನಾವೂ ಕಲೀಬೇಕು ಅಂತಷ್ಟೇ ಹೇಳಲಿಲ್ಲ" ಅಂದರು. ಅವರು ಮಾತ್ರ ಕಲಿತರು. ತಾಂಡಾದ ಅಜ್ಜಿಯರ ಜೊತೆ ಅವರು ಲಂಬಾಣಿಯಲ್ಲೇ ಮಾತಾಡುವುದನ್ನು ನಾನು ಕೇಳಿದ್ದೇನೆ.

ದಾಖಲಾತಿ ವಹಿಯ ವಿಷಯಕ್ಕೆ ಬರುತ್ತೇನೆ. ಮೊದಲು ಹುಟ್ಟಿದ ತಾರೀಖಿನ ಕಥೆ ಹೇಳುತ್ತೇನೆ, ಯಾಕೆಂದರೆ ಈಗಷ್ಟೇ ಕೈ ಎತ್ತಿದ್ದೀರಿ. ಅಕ್ಕೋರು ಸೇರಿದ ಮೊದಲ ವರ್ಷಗಳಲ್ಲೂ ಹಳ್ಳಿಯಲ್ಲಿ ಜನನ ಪತ್ರ ಅಂತ ಇರುತ್ತಿರಲಿಲ್ಲ. ಮನೆಯಲ್ಲೇ ಹೆರಿಗೆ. ಅವರೂ ಜೂನ್ ಒಂದು ಅಂತ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅವರು ದಾಖಲಾತಿಗೆ ಬಂದ ತಾಯಿಯನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಕೇಳುತ್ತಿದ್ದರು, "ಕೂಸು ಹುಟ್ಟಿದಾಗ ಹೊಲದಾಗ ಏನಿತ್ತವ್ವಾ?" ತೊಗರಿ ಹೂ ಬಿಟ್ಟಿತ್ತು ಅಂತ ಅಜ್ಜಿ ಹೇಳಿದರೆ ಅಕ್ಟೋಬರ್ ಕೊನೆ, ನವೆಂಬರ್. ಹೆಸರು ರಾಶಿ ನಡೆದಿತ್ತು ಅಂದರೆ ಆಗಸ್ಟ್, ಸೆಪ್ಟೆಂಬರ್. "ಎಳ್ಳಮಾಸಿಗೆ ಚರಗ ಚೆಲ್ಲಿ ಬಂದ ರಾತ್ರಿನೇ ನೋವು ಬಂತ್ರಿ" ಅಂತ ಒಬ್ಬಳು ಹೇಳಿದ್ದಳಂತೆ. ಹಳೆಯ ಪಂಚಾಂಗ ತರಿಸಿ ಆ ವರ್ಷದ ಎಳ್ಳ ಅಮಾವಾಸ್ಯೆ ಯಾವ ತಾರೀಖು ಬಿದ್ದಿತ್ತು ಅಂತ ನೋಡಿ ಬರೆದಿದ್ದಾರೆ. ಕಾರ ಹುಣ್ಣಿಮೆ, ಪಂಚಮಿ, ಸೀಗಿ ಹುಣ್ಣಿಮೆ, ಎಲ್ಲವೂ ಅವರಿಗೆ ಲೆಕ್ಕದ ಗುರುತು.

ನಮ್ಮ ಹೈಸ್ಕೂಲಿನಲ್ಲಿ ಎಂಟನೇ ತರಗತಿಯ ದಾಖಲಾತಿ ಮಾಡುವಾಗ ಇದು ನನ್ನ ಕಣ್ಣಿಗೆ ಬಿತ್ತು. ಬೇರೆ ಶಾಲೆಗಳ ಟಿಸಿಯಲ್ಲಿ ಸಾಲಾಗಿ ಜೂನ್ ಒಂದು, ಜೂನ್ ಒಂದು. ಅಕ್ಕೋರ ಟಿಸಿಯಲ್ಲಿ ಒಂದು ಮಗುವಿನ ತಾರೀಖು ಇನ್ನೊಂದಕ್ಕೆ ಹೋಲುತ್ತಿರಲಿಲ್ಲ. ಯಾಕಷ್ಟು ತ್ರಾಸು ತೆಗೆದುಕೊಳ್ಳುತ್ತೀರಿ ಅಂತ ಕೇಳಿದ್ದಕ್ಕೆ, "ಖರೇ ದಿನ ಅಂತ ಒಂದು ಅದಕ್ಕೂ ಇರ್ತದಲ್ರೀ" ಅಂದರು. ಆ ಪ್ರಶ್ನೆ ಕೇಳುವ ನೆಪದಲ್ಲಿ ಅವರಿಗೆ ಇಡೀ ಮನೆತನದ ಕಥೆ ಗೊತ್ತಾಗುತ್ತಿತ್ತು. ಯಾರಿಗೆ ಎಷ್ಟು ಹೊಲ, ಯಾರು ಯಾರ ಹೊಲ ಪಾಲಿಗೆ ಮಾಡುತ್ತಾರೆ, ಯಾರು ಯಾವಾಗ ಊರು ಬಿಡುತ್ತಾರೆ, ಎಲ್ಲ.

ಊರು ಬಿಡುವುದು ಅಂದೆನಲ್ಲ. ನಮ್ಮ ಕಡೆಯ ಶಾಲೆಗೆ ಗುಳೆ ಅನ್ನುವುದು ಮಳೆಗಾಲ, ಬೇಸಿಗೆ ಇದ್ದ ಹಾಗೆ ಇನ್ನೊಂದು ಕಾಲ. ದೀಪಾವಳಿಯಲ್ಲಿ ತಾಂಡಾದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡುತ್ತಾರೆ. ಹಬ್ಬ ಮುಗಿದ ಮೇಲೆ ಒಂದೊಂದೇ ಮನೆಗೆ ಬೀಗ ಬೀಳಲು ಶುರು. ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದ್. ಕಟ್ಟಡದ ಕೆಲಸ, ಇಟ್ಟಿಗೆ ಭಟ್ಟಿ. ಮಕ್ಕಳೂ ಜೊತೆಗೆ. ಹೋಳಿಗೆ ಕೆಲವರು ಬಂದು ಹೋಗುತ್ತಾರೆ, ಉಳಿದವರು ಬಿತ್ತನೆಗೇ ಬರುವುದು. ಅಷ್ಟರಲ್ಲಿ ಮಗು ಅರ್ಧ ವರ್ಷದ ಪಾಠ ಕಳೆದುಕೊಂಡಿರುತ್ತದೆ.

ಅಕ್ಕೋರು ದಸರಾ ರಜೆ ಮುಗಿದ ಕೂಡಲೇ ಎರಡು ಕೆಲಸ ಮಾಡುತ್ತಿದ್ದರು. ಮೊದಲು, ಅಜ್ಜ ಅಜ್ಜಿ ಊರಲ್ಲೇ ಇರುವ ಮನೆಗಳಿಗೆ ಹೋಗಿ ಮಗುವನ್ನು ಬಿಟ್ಟು ಹೋಗಿ ಅಂತ ಒಪ್ಪಿಸುವುದು. ಮನೆಯಲ್ಲಿ ಯಾರೂ ಇಲ್ಲದ ಮಕ್ಕಳಿಗೆ ಋತುಮಾನದ ಹಾಸ್ಟೆಲ್ಲಿನಲ್ಲಿ ಜಾಗ ಕೇಳುವುದು. ಇದನ್ನು ಇನ್ನೂ ಕೆಲವರು ಮಾಡುತ್ತಾರೆ. ಎರಡನೆಯದು ಅವರೊಬ್ಬರೇ ಮಾಡುತ್ತಿದ್ದುದು. ಹೋಗಲೇಬೇಕಾದ ಮಕ್ಕಳ ಅಪ್ಪಂದಿರ ಹತ್ತಿರ ಅವರು ಮೇಸ್ತ್ರಿಯ ನಂಬರ್ ಇಸಿದುಕೊಳ್ಳುತ್ತಿದ್ದರು. ಅವರ ಫೋನಿನಲ್ಲಿ ಹೆಸರುಗಳು ಹೇಗಿವೆ ಗೊತ್ತಾ? "ಪುಣೆ ಸೈಟ್ ಮೇಸ್ತ್ರಿ". "ಹೈದರಾಬಾದ್ ವಾಚ್‌ಮನ್". "ಬೆಂಗಳೂರು ಇಟ್ಟಿಗೆ ಭಟ್ಟಿ". "ತಾಂಡಾ ಅಜ್ಜಿ ಮಗಳ ಫೋನ್". ತಿಂಗಳಿಗೊಮ್ಮೆ ಫೋನ್ ಮಾಡಿ, ಮಗುವಿನ ಜೊತೆ ಮಾತಾಡಿ, ಅಲ್ಲಿ ಹತ್ತಿರ ಶಾಲೆ ಇದ್ದರೆ ಟಿಸಿ ಇಲ್ಲದಿದ್ದರೂ ಸೇರಿಸಿಕೊಳ್ಳಬೇಕು ಅಂತ ಕಾನೂನು ಇದೆ, ಹೋಗಿ ಕೇಳಿ ಅಂತ ಹೇಳುತ್ತಿದ್ದರು. ಹೌದು, 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾನೂನಿನಲ್ಲಿ ಇದೆ. ಟಿಸಿ ತಡವಾಯಿತು ಅಂತ ಯಾವ ಶಾಲೆಯೂ ಮಗುವನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ. ಇಟ್ಟಿಗೆ ಭಟ್ಟಿಯಲ್ಲಿ ಇರುವ ಅಪ್ಪನಿಗೆ ಅದನ್ನು ಹೇಳುವವರು ಯಾರು? ಅಕ್ಕೋರು ಹೇಳುತ್ತಿದ್ದರು.

ಇಲ್ಲಿ ನಲಿ-ಕಲಿ ಬಗ್ಗೆ ಒಂದು ಮಾತು. ಮೈಸೂರು ಜಿಲ್ಲೆಯ ಹೆಗ್ಗಡದೇವನ ಕೋಟೆಯಲ್ಲಿ 1995ರಲ್ಲಿ ಶುರುವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿ ಒಟ್ಟಿಗೆ ಕೂರಬೇಕು, ಕಾರ್ಡುಗಳು, ತಟ್ಟೆ, ಕಲಿಕಾ ಏಣಿ. ನಮ್ಮವರಲ್ಲಿ ತುಂಬಾ ಜನ ಬೇಜಾರು ಮಾಡಿಕೊಂಡರು. ಕೆಲಸ ಜಾಸ್ತಿ, ಗದ್ದಲ ಜಾಸ್ತಿ ಅಂದರು. ಅದು ಸುಳ್ಳೂ ಅಲ್ಲ. ಅಕ್ಕೋರು ಮಾತ್ರ ಖುಷಿಪಟ್ಟರು. ಯಾಕೆ ಅಂದರೆ ಏಣಿಯಲ್ಲಿ ಮಗು ಎಲ್ಲಿ ಬಿಟ್ಟು ಹೋಗಿರುತ್ತದೋ ಅಲ್ಲಿಂದಲೇ ಮತ್ತೆ ಹತ್ತಬಹುದು. ಪಾಠ ಮುಂದೆ ಹೋಯಿತು, ನೀನು ಹಿಂದೆ ಉಳಿದೆ ಅನ್ನುವ ಮಾತೇ ಇಲ್ಲ. ಗುಳೆ ಹೋಗಿ ಬರುವ ಮಗುವಿಗೆ ಇದಕ್ಕಿಂತ ಸರಿಯಾದ ಪದ್ಧತಿ ಬೇರೆ ಇಲ್ಲ ಅಂತ ಅವರು ಮೊದಲ ವರ್ಷವೇ ಕಂಡುಕೊಂಡರು. ಊರು ಬಿಡುವ ಮಗು ಯಾವ ಕಾರ್ಡಿನ ಮೇಲಿದೆ ಅಂತ ಬರೆದುಕೊಳ್ಳುತ್ತಿದ್ದರು. ಜೂನ್‌ನಲ್ಲಿ ಆ ಮಗು ಬಂದ ದಿನ ಅದೇ ಕಾರ್ಡು ತೆಗೆದು ಕೈಗೆ ಕೊಡುತ್ತಿದ್ದರು. ಎಲ್ಲಿ ಹೋಗಿದ್ದೆ, ಯಾಕೆ ಹೋಗಿದ್ದೆ ಅಂತ ತರಗತಿಯ ಮುಂದೆ ನಿಲ್ಲಿಸಿ ಕೇಳುತ್ತಿರಲಿಲ್ಲ. ಸುಮ್ನೆ ಕಾರ್ಡು ಕೊಡುತ್ತಿದ್ದರು, ಮಗು ಕೂತು ಓದುತ್ತಿತ್ತು.

ಬಿಸಿಯೂಟ ನಮ್ಮ ರಾಜ್ಯದಲ್ಲಿ 2002ರಲ್ಲಿ ಶುರುವಾಗಿದ್ದು ನಮ್ಮ ಈ ಉತ್ತರದ ಜಿಲ್ಲೆಗಳಲ್ಲೇ. ಅದಕ್ಕೂ ಮುಂಚೆ ಮಧ್ಯಾಹ್ನ ಗಂಟೆ ಹೊಡೆದರೆ ತಾಂಡಾದ ಮಕ್ಕಳು ಮನೆಗೆ ಹೋಗುತ್ತಿದ್ದರು, ಆ ಬಿಸಿಲಲ್ಲಿ ಮತ್ತೆ ವಾಪಸ್ ಬರುತ್ತಿರಲಿಲ್ಲ. ಊಟ ಶುರುವಾದ ಮೇಲೆ ಕೆಲವರು ಹಗುರವಾಗಿ ಮಾತಾಡಿದರು, ಮಕ್ಕಳು ಕಲಿಯುವುದಕ್ಕಲ್ಲ, ಊಟಕ್ಕೆ ಬರುತ್ತಾರೆ ಅಂತ. "ಬರ್ಲಿ ಬಿಡ್ರಿ, ಊಟಕ್ಕ ಬಂದವರು ಉಂಡ ಮ್ಯಾಲೆ ಎಲ್ಲಿಗಿ ಹೋಗ್ತಾರ, ಇಲ್ಲೇ ಕೂಡ್ತಾರ" ಅಂದರು ಅಕ್ಕೋರು. ಆಮೇಲೆ ಹಾಲು ಬಂತು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಬಂತು, ಅದೂ ಮೊದಲು ನಮ್ಮ ಕಡೆಗೇ. ಒಬ್ಬ ಹುಡುಗಿ ಮೊಟ್ಟೆ ತಿನ್ನದೆ ಲಂಗದ ತುದಿಯಲ್ಲಿ ಕಟ್ಟಿಕೊಳ್ಳುತ್ತಿದ್ದಳಂತೆ, ಮನೆಯಲ್ಲಿರುವ ಪುಟ್ಟ ತಮ್ಮನಿಗೆ ಅಂತ. ಅಡುಗೆಯವರು ಗದರಿಸಲು ಹೋದಾಗ ಅಕ್ಕೋರು ತಡೆದರು. ಮರುದಿನ ಆ ತಮ್ಮನ ಮನೆಗೆ ಹೋಗಿ ನೋಡಿದರೆ ಅವನ ಹೆಸರು ಅಂಗನವಾಡಿಯಲ್ಲೇ ಇರಲಿಲ್ಲ. ಹೆಸರು ಬರೆಸಿದರು. ಆಮೇಲೆ ಹುಡುಗಿ ತನ್ನ ಮೊಟ್ಟೆಯನ್ನು ತಾನೇ ತಿಂದಳು. ಒಂದು ಮೊಟ್ಟೆಯ ಹಿಂದೆ ಹೋದರೆ ಒಂದು ಮನೆ ಸಿಗುತ್ತದೆ ಅಂತ ನಮಗೆ ಯಾರಿಗೂ ಹೊಳೆಯುವುದಿಲ್ಲ, ಅವರಿಗೆ ಹೊಳೆಯುತ್ತಿತ್ತು.

ಈಗ ನನ್ನ ತರಗತಿಗೆ ಬರುತ್ತೇನೆ. ಎಂಟನೇ ತರಗತಿಯಲ್ಲಿ ಸುತ್ತಲಿನ ಹಲವು ಊರಿನ ಮಕ್ಕಳು ಸೇರಿರುತ್ತಾರೆ. ಅಕ್ಕೋರ ಮಕ್ಕಳನ್ನು ಹೆಸರು ಕೇಳದೆಯೇ ಗುರುತಿಸಬಹುದು. ಪುಸ್ತಕ ತೆಗೆದರೆ ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಣ್ಣ ಚುಕ್ಕೆ ಇಟ್ಟಿರುತ್ತಾರೆ. ಓದು ನಿಲ್ಲಿಸುವುದಿಲ್ಲ, ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ. ಪಾಠ ಮುಗಿದ ಮೇಲೆ ಎದ್ದು ನಿಂತು "ಸರ್, ಐದು ಚುಕ್ಕಿ ಅದಾವ" ಅಂತಾರೆ. ಅಂದರೆ ಐದು ಪದ ಗೊತ್ತಾಗಿಲ್ಲ ಅಂತ. ಗೊತ್ತಾದ ಮೇಲೆ ಚುಕ್ಕೆ ಅಳಿಸುತ್ತಾರೆ. ನನಗೆ ಗೊತ್ತಿಲ್ಲ ಅಂತ ಎದ್ದು ನಿಂತು ಹೇಳಲು ನಮ್ಮ ಕಡೆಯ ಮಕ್ಕಳಿಗೆ ಎಷ್ಟು ಹೆದರಿಕೆ ಅಂತ ನಿಮಗೆ ಗೊತ್ತಿದೆ. ಅವರ ಮಕ್ಕಳಿಗೆ ಆ ಹೆದರಿಕೆ ಇಲ್ಲ. ಈಗ ನನ್ನ ತರಗತಿಯಲ್ಲಿ ಎಲ್ಲ ಊರಿನ ಮಕ್ಕಳೂ ಚುಕ್ಕೆ ಇಡುತ್ತಾರೆ, ಒಬ್ಬರನ್ನು ನೋಡಿ ಒಬ್ಬರು ಕಲಿತರು.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಕೊನೆಯ ಜಿಲ್ಲೆ ನಮ್ಮ ಯಾದಗಿರಿ. ಈ ವರ್ಷ ಕಲಬುರಗಿ ಕೊನೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ 75.36 ಇದ್ದರೆ ಯಾದಗಿರಿಯದು 51.83, ಹೆಂಗಸರದು ಇನ್ನೂ ಕಡಿಮೆ. ಫಲಿತಾಂಶ ಬಂದ ಮರುದಿನ ಸಭೆ ಕರೆಯುತ್ತಾರೆ, ಹೈಸ್ಕೂಲಿನವರನ್ನು ಸಾಲಾಗಿ ನಿಲ್ಲಿಸಿ ಕಾರಣ ಕೇಳುತ್ತಾರೆ. ನಾವು ಉತ್ತರ ಕೊಡಲೇಬೇಕು, ತಪ್ಪಿಸಿಕೊಳ್ಳುವ ಮಾತಿಲ್ಲ. ಆದರೆ ನನ್ನ ಅನುಭವದಲ್ಲಿ ಹತ್ತನೇ ತರಗತಿಯಲ್ಲಿ ಫೇಲಾಗುವ ಮಗು ಹತ್ತನೇ ತರಗತಿಯಲ್ಲಿ ಫೇಲಾಗಿರುವುದಿಲ್ಲ. ಒಂದನೇ ತರಗತಿಯಲ್ಲಿ ಮಾತು ತಿಳಿಯದೆ ಸುಮ್ಮನೆ ಕೂತಾಗಲೇ ಅದರ ಕಷ್ಟ ಶುರುವಾಗಿರುತ್ತದೆ. ಮೂರನೇ ತರಗತಿಯಲ್ಲಿ ಗುಳೆ ಹೋಗಿ ಬಂದಾಗ ಇನ್ನಷ್ಟು ಹಿಂದೆ ಬಿದ್ದಿರುತ್ತದೆ. ನನ್ನ ಹತ್ತಿರ ಬರುವ ಹೊತ್ತಿಗೆ ಅದು ತನಗೆ ಬರುವುದಿಲ್ಲ ಅಂತ ತಾನೇ ತೀರ್ಮಾನ ಮಾಡಿಕೊಂಡಿರುತ್ತದೆ. ಆ ಜಾಗದಲ್ಲಿ ಅಕ್ಕೋರಂಥವರು ಒಬ್ಬರು ಇದ್ದರೆ ನನ್ನ ಕೆಲಸ ಅರ್ಧ ಆಗಿರುತ್ತದೆ.

ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಬೇಗ ವಾಪಸ್ ಬರುತ್ತೇನೆ. ಬೀದರಿಗೆ ಹೋದವರು ಮಹಮೂದ್ ಗವಾನನ ಮದರಸಾ ನೋಡಿರುತ್ತೀರಿ. 1472ರಲ್ಲಿ ಕಟ್ಟಿಸಿದ್ದು. ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಸಿಡಿದು ಮುಂಭಾಗ ಅರ್ಧ ಬಿದ್ದುಹೋಯಿತು. ಉಳಿದ ಮಿನಾರಿನ ಮೇಲೆ ಆ ಬಣ್ಣದ ಹೆಂಚು ಇವತ್ತಿಗೂ ಹೊಳೆಯುತ್ತದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ನಾನು ಕಟ್ಟಿಸಿದವನ ಹೆಸರು, ವರ್ಷ, ಬಂದು ಕಲಿಸಿದ ದೊಡ್ಡ ವಿದ್ವಾಂಸರ ವಿಷಯ ಹೇಳುತ್ತೇನೆ. ಒಂದು ಸಲ ಒಬ್ಬ ಹುಡುಗಿ ಕೇಳಿದಳು, "ಸರ್, ಇಲ್ಲಿ ಹೊಸದಾಗಿ ಬಂದವರಿಗೆ ಮೊದಲ ಅಕ್ಷರ ಯಾರು ಕಲಿಸ್ತಿದ್ರು?" ಅಕ್ಕೋರ ಶಾಲೆಯ ಹುಡುಗಿ ಅವಳು. ನನಗೆ ಅನಿಸಿದ್ದು ಇಷ್ಟು, ಕಟ್ಟಡಕ್ಕೆ ದಾಖಲೆ ಇಡುವುದು ನಮಗೆ ಆಗಲೂ ಬರುತ್ತಿತ್ತು, ಈಗಲೂ ಬರುತ್ತದೆ. ಮಕ್ಕಳ ಬಗ್ಗೆ ಒಬ್ಬ ಶಿಕ್ಷಕಿಗೆ ಏನು ಗೊತ್ತಿತ್ತು ಅನ್ನುವುದಕ್ಕೆ ದಾಖಲೆ ಇಡುವುದು ಇನ್ನೂ ಬಂದಿಲ್ಲ.

ಅಕ್ಕೋರು ಯಾಕೆ ಇಷ್ಟು ವರ್ಷ ಅದೇ ಊರಲ್ಲಿ ಉಳಿದರು ಅಂತ ಹೊಸಬರು ಕೇಳುತ್ತಾರೆ. ಸಿ ವಲಯದ, ಅಂದರೆ ಪಟ್ಟಣದಿಂದ ದೂರದ ಹಳ್ಳಿಯ ಶಾಲೆ ಅದು. ಅಲ್ಲಿಂದ ಹೊರಗೆ ಬರಲು ಎಲ್ಲರೂ ವರ್ಗಾವಣೆಯ ಕೌನ್ಸೆಲಿಂಗ್ ಪಟ್ಟಿಯಲ್ಲಿ ಹೆಸರು ಹುಡುಕುತ್ತಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಮನೆ, ಮಕ್ಕಳು, ವಯಸ್ಸಾದ ತಂದೆ ತಾಯಿ, ಎಲ್ಲರಿಗೂ ಅವರವರ ಕಾರಣ ಇರುತ್ತದೆ. ಎಲ್ಲ ಶಿಕ್ಷಕರೂ ಜೀವನಪೂರ್ತಿ ಒಂದೇ ಹಳ್ಳಿಯಲ್ಲಿ ಇರಬೇಕು ಅಂತ ಕೇಳುವುದು ನ್ಯಾಯವಲ್ಲ. ಒಬ್ಬರ ತ್ಯಾಗವನ್ನು ತೋರಿಸಿ ಉಳಿದವರನ್ನು ಸಣ್ಣವರನ್ನಾಗಿ ಮಾಡುವ ಭಾಷಣ ನನಗೆ ಬೇಡ. ನಾನು ಕೇಳುವುದು ಬೇರೆ. ಒಬ್ಬರು ಹೋಗುವಾಗ ಅವರಿಗೆ ಗೊತ್ತಿದ್ದುದು ಇನ್ನೊಬ್ಬರಿಗೆ ಸಿಗಬೇಕು. ಅವರು 30 ವರ್ಷ ಇದ್ದು ಹೋದರೂ ಸರಿ, ಐದು ವರ್ಷ ಇದ್ದು ಹೋದರೂ ಸರಿ.

ಆದರೆ ನಡೆಯುವುದು ಏನು? ನಿವೃತ್ತಿಯ ಕೊನೆಯ ಆರು ತಿಂಗಳು ಶಿಕ್ಷಕರು ತರಗತಿಯಲ್ಲಿ ಇರುವುದೇ ಕಡಿಮೆ. ಪಿಂಚಣಿ ಕಾಗದ. ಸೇವಾ ಪುಸ್ತಕದಲ್ಲಿ ಯಾವುದೋ ವರ್ಷದ ಇನ್‌ಕ್ರಿಮೆಂಟ್ ನಮೂದಾಗಿಲ್ಲ, ಗಳಿಕೆ ರಜೆಯ ಲೆಕ್ಕ ತಾಳೆಯಾಗುತ್ತಿಲ್ಲ, ಬಾಕಿ ಇಲ್ಲ ಅನ್ನುವ ಪತ್ರ ಇನ್ನೊಂದು ಕಚೇರಿಯಿಂದ ತರಬೇಕು. ಅಕ್ಕೋರಂಥವರನ್ನೂ ಒಂದು ಕಚೇರಿಯಲ್ಲಿ ನಾಳೆ ಬನ್ನಿ, ಸೋಮವಾರ ಬನ್ನಿ ಅಂತ ಎಷ್ಟೋ ಸಲ ಓಡಾಡಿಸಿದ್ದಾರೆ. ನನಗೆ ಇದರ ಬಗ್ಗೆ ತುಂಬಾ ಸಿಟ್ಟಿದೆ. ಆ ದಿನಗಳಲ್ಲಿ ಅವರು ಹೊಸಬರ ಜೊತೆ ತಾಂಡಾದಲ್ಲಿ ಓಡಾಡಬೇಕಿತ್ತು. ನಿವೃತ್ತಿಯ ತಾರೀಖು ಸೇರಿದ ದಿನವೇ ಗೊತ್ತಿರುತ್ತದೆ. ಕಾಗದ ತಯಾರು ಮಾಡಲು 31 ವರ್ಷ ಸಮಯ ಇತ್ತು.

ಇಲ್ಲಿ ಅಧಿಕಾರಿಗಳೂ ಕೂತಿದ್ದೀರಿ, ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯವರೂ ಇದ್ದೀರಿ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಮೇ 31ಕ್ಕೆ ಹೋಗುವವರ ಪಟ್ಟಿ ಹಿಂದಿನ ಜೂನ್‌ನಲ್ಲೇ ನಿಮ್ಮ ಮೇಜಿನ ಮೇಲೆ ಇರುತ್ತದೆ. ದಸರಾ ಮುಗಿದ ಕೂಡಲೇ ಆ ಶಾಲೆಯಲ್ಲಿ ಮುಂದೆ ಉಳಿಯುವ ಒಬ್ಬರನ್ನು ಅವರ ಜೊತೆ ಜೋಡಿಸಿ. ಕಿರಿಯ ಶಿಕ್ಷಕರು ಆಗಬಹುದು, ಊರಿನ ಅತಿಥಿ ಶಿಕ್ಷಕಿ ಆಗಬಹುದು. ಒಂದು ಗುಳೆ ಕಾಲ ಇಬ್ಬರೂ ಒಟ್ಟಿಗೆ ಮನೆಮನೆಗೆ ಹೋಗಲಿ. ಊರಿನ ಜನ ಹೊಸ ಮುಖವನ್ನು ಅಕ್ಕೋರ ಪಕ್ಕದಲ್ಲಿ ನೋಡಬೇಕು. ಹಾಗೆ ನೋಡಿದರೆ ಮಾತ್ರ ನಂಬುತ್ತಾರೆ. ಆದೇಶ ಪತ್ರ ತೋರಿಸಿದರೆ ಯಾವ ಅಜ್ಜಿಯೂ ಮೊಮ್ಮಗಳನ್ನು ಕಳಿಸುವುದಿಲ್ಲ. ಇದಕ್ಕೆ ದುಡ್ಡು ಬೇಡ, ಹೊಸ ಯೋಜನೆ ಬೇಡ. ಕಾಗದದ ಓಡಾಟವನ್ನು ಶಿಕ್ಷಕರ ತಲೆಯಿಂದ ತೆಗೆದು ಕಚೇರಿಯವರು ಹೊತ್ತುಕೊಂಡರೆ ಸಾಕು.

ಜನ ಅವರಿಗೆ ಮೊನ್ನೆ ಊರಲ್ಲಿ ಉಡಿ ತುಂಬಿದರು. ಸೀರೆ, ಕುಬಸ, ಐದು ಥರದ ಕಾಯಿಪಲ್ಯೆ, ಜೋಳ. ತಾಂಡಾದಿಂದ ಹೆಂಗಸರು ಬಂದು ತಮ್ಮ ಕೈಯಾರೆ ಕನ್ನಡಿ ಹೊಲಿದ ಚೀಲ ಕೊಟ್ಟರು. ಒಬ್ಬ ಲಾರಿ ಡ್ರೈವರ್ ಸೊಲ್ಲಾಪುರದಿಂದ ರಾತ್ರಿ ಗಾಡಿ ಓಡಿಸಿಕೊಂಡು ಬಂದು ಕಾಲು ಮುಟ್ಟಿ ಹೋದ. ಅವನು ಓದಿದ್ದು ಏಳನೇ ತರಗತಿವರೆಗೆ ಮಾತ್ರ. "ನನ್ನ ಮಗಳು ಪಿಯುಸಿ ಓದ್ಲಿಕತ್ಯಾಳ್ರಿ" ಅಂತ ಅಕ್ಕೋರಿಗೆ ಹೇಳಿದ. ಅದನ್ನು ಹೇಳಲಿಕ್ಕೆ ಅಂತಲೇ ಬಂದಿದ್ದ.

ಕೊನೆಯದಾಗಿ ಏಳನೇ ತರಗತಿ ಮುಗಿಸಿದ ಹುಡುಗಿಯರ ವಿಷಯ. ಅವರ ಊರಿಂದ ನಮ್ಮ ಹೈಸ್ಕೂಲಿಗೆ ಐದು ಕಿಲೋಮೀಟರ್. ಎಂಟನೇ ತರಗತಿಗೆ ಸೈಕಲ್ ಕೊಡುವುದು 2006ರಲ್ಲಿ ಶುರುವಾದಾಗ ಈ ದಾರಿಯಲ್ಲಿ ಹುಡುಗಿಯರ ಸಾಲು ನೋಡುವುದೇ ಒಂದು ಚೆಂದ ಇತ್ತು. ಕೋವಿಡ್ ಬಂದ ಮೇಲೆ ಅದು ನಿಂತುಹೋಯಿತು. ಬಸ್ಸಿದೆ, ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡು ಬೇಡ, ಆದರೆ ಬೆಳಗಿನ ಬಸ್ಸು ತಪ್ಪಿದರೆ ಆ ದಿನ ತಪ್ಪಿತು. ಏಳಕ್ಕೆ ಓದು ಸಾಕು ಅನ್ನುವ ಮನೆಗಳಿಗೆ ಇಷ್ಟು ನೆಪ ಸಾಕಾಗುತ್ತದೆ. ಅಕ್ಕೋರು ಟಿಸಿಯನ್ನು ಶಾಲೆಗೆ ಬಂದು ತೆಗೆದುಕೊಂಡು ಹೋಗಿ ಅಂತ ಹೇಳುತ್ತಿರಲಿಲ್ಲ. ತಾವೇ ಮನೆಗೆ ಒಯ್ಯುತ್ತಿದ್ದರು. ಜೂನ್ ಮೊದಲ ವಾರ ಹುಡುಗಿಯರನ್ನು ಗುಂಪು ಕಟ್ಟಿಕೊಂಡು ಬಸ್ಸಿನಲ್ಲಿ ನಮ್ಮ ಹೈಸ್ಕೂಲಿಗೆ ಬರುತ್ತಿದ್ದರು. ಎಲ್ಲರ ಹೆಸರೂ ನಮ್ಮ ವಹಿಯಲ್ಲಿ ಏರುವವರೆಗೆ ಕಚೇರಿಯ ಬೆಂಚಿನಿಂದ ಏಳುತ್ತಿರಲಿಲ್ಲ.

ಈ ವರ್ಷ ಏಳು ಹುಡುಗಿಯರಿದ್ದಾರೆ. ಇಬ್ಬರ ಮನೆಯಲ್ಲಿ ಇನ್ನೂ ಪೂರ್ತಿ ಒಪ್ಪಿಲ್ಲ ಅಂತ ಅಕ್ಕೋರು ಈಗಷ್ಟೇ ನನ್ನ ಕಿವಿಯಲ್ಲಿ ಹೇಳಿದರು. ಕೆಲಸದಲ್ಲಿ ಇಲ್ಲದಿದ್ದರೂ ನಾಳೆ ಬೆಳಿಗ್ಗೆ ಅವರೇ ಕರೆದುಕೊಂಡು ಬರುತ್ತಾರಂತೆ. ನಿನ್ನೆ ಚಾರ್ಜ್ ತೆಗೆದುಕೊಂಡ ಸೇಡಂ ಕಡೆಯ ನಮ್ಮ ತಮ್ಮ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ತಮ್ಮಾ, ನೀನು ಅವರ ಜೊತೆ ಬಾ. ಅದಕ್ಕೂ ಮೊದಲು ಇವತ್ತು ಸಂಜೆ ಆ ಎರಡು ಮನೆಗೆ ಅಕ್ಕೋರ ಜೊತೆ ಹೋಗು, ಮಾತು ಅವರೇ ಆಡಲಿ, ನೀನು ಪಕ್ಕದಲ್ಲಿ ಕೂತು ಕೇಳು. ಆ ಫೋನಿನಲ್ಲಿರುವ ಮೇಸ್ತ್ರಿಗಳ ನಂಬರ್ ಎಲ್ಲ ಇವತ್ತೇ ನಿನ್ನ ಫೋನಿಗೆ ಹಾಕಿಕೋ. ನಾಳೆ ಬರುವಾಗ ಏಳೂ ಜನರ ಟಿಸಿ, ಆಧಾರ್, ಜಾತಿ ಆದಾಯ ಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ತಂದುಬಿಡು. ಆದಾಯ ಪತ್ರ ಇನ್ನೂ ಬಂದಿಲ್ಲ ಅಂದರೆ ಹಾಗೇ ಬನ್ನಿ, ಆಮೇಲೆ ಕೊಟ್ಟರೂ ನಡೆಯುತ್ತದೆ. ಒಂಬತ್ತೂವರೆಗೆ ನಾನು ಕಚೇರಿಯಲ್ಲಿ ವಹಿ ತೆಗೆದುಕೊಂಡು ಕೂತಿರುತ್ತೇನೆ.